ಹಲಸಿನ ಮರದ ಕತ್ತು

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬೀಟೆ ಮರದ ಕೆಲಸಕ್ಕೆ ಕೂತಾಗ ಹದಿಮೂರು ವರ್ಷ, ಈಗ ಐವತ್ತೊಂದು. ಒಂದು ಮರದಲ್ಲಿ ಸಣ್ಣ ಗುಳಿ ತೋಡಿ, ಇನ್ನೊಂದು ಬಣ್ಣದ ಮರದ ಚೂರನ್ನು ಅದರೊಳಗೆ ಕೂರಿಸುತ್ತೇವೆ. ಮೇಲೆ ಬೆರಳು ಎಳೆದರೆ ಎರಡು ಮರ ಅಂತ ಗೊತ್ತಾಗಬಾರದು. ಇನ್ಲೇ ಕೆಲಸ ಅಂದರೆ ಅಷ್ಟೇ. ಅಷ್ಟೇ ಅಂದೆನಲ್ಲ, ಅದು ಕೈಗೆ ಹತ್ತುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಆಮೇಲೆ ನನ್ನ ಕೆಲಸಕ್ಕೆ ಯಾರೂ ಹೆಸರಿಟ್ಟಿಲ್ಲ. ಇದರಲ್ಲಿ ಜಂಬ ಇದೆ, ಇಲ್ಲ ಅನ್ನುವುದಿಲ್ಲ. ಆ ಜಂಬದಿಂದ ಆದದ್ದನ್ನೇ ಬರೆಯುತ್ತಿದ್ದೇನೆ.

ಆನೆ, ಜಿಂಕೆ, ಮುಳುಗುವ ಸೂರ್ಯ ಇರುವ ದೊಡ್ಡ ಚಿತ್ರಗಳನ್ನು ಕೊಳ್ಳುವವರು ಕಡಿಮೆಯಾದ ಮೇಲೆ ಉಳಿದ ತುಂಡುಗಳಲ್ಲಿ ಓಲೆ, ಪದಕ ಮಾಡಲು ಶುರುಮಾಡಿದೆ. ಪದಕಕ್ಕೆ ಮಣಿ ಪೋಣಿಸಿ ಸರ ಮಾಡುವವಳು ನನ್ನ ಹೆಂಡತಿ. ರಾಜೀವನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಈ ಕಡೆ ನನ್ನ ಉಳಿಗಳು, ಆ ಕಡೆ ಅವಳ ಮಣಿ ಡಬ್ಬಿಗಳು. ಕರಕುಶಲ ಮೇಳಗಳಿಗೂ ಇಬ್ಬರೂ ಹೋಗುತ್ತಿದ್ದೆವು. ಯಾರಾದರೂ "ಹಾಕ್ಕೊಂಡ್ರೆ ಹೇಗೆ ಕಾಣುತ್ತೆ?" ಅಂತ ಅನುಮಾನಿಸಿದರೆ ಅವಳು ಸರವನ್ನು ತನ್ನ ಕತ್ತಿಗೇ ಹಿಡಿದು ತೋರಿಸುವಳು. "ನನ್ ಕತ್ಗೇ ಇಷ್ಟು ಚೆಂದ ಕಾಣ್ತದೆ ಅಂದ್ಮೇಲೆ ನಿಮ್ಗೆ ಕೇಳ್ಬೇಕಾ ಕಣಮ್ಮ!" ಅನ್ನುವಳು. ಬಂದವರು ನಗುವರು, ಕೊಳ್ಳುವರು. ಅರ್ಧ ವ್ಯಾಪಾರ ಆ ಮಾತಿನಿಂದಲೇ ಆಗುತ್ತಿತ್ತು. ನಾನು ಪೂರ್ತಿ ನನ್ನ ಉಳಿಯಿಂದಲೇ ಅಂದುಕೊಂಡಿದ್ದೆ.

ಜೋಡಿಸಿ ಇಡುವ ವಿದ್ಯೆ ನನಗೆ ಬರುತ್ತಿರಲಿಲ್ಲ. ಟೇಬಲ್ಲಿನ ಮೇಲೆ ಬಿಳಿ ಬೆಡ್‌ಶೀಟು ಹಾಸಿ, ಓಲೆಗಳನ್ನು ಸಾಲಾಗಿ ಮಲಗಿಸಿ, ಸರಗಳನ್ನು ಗೊಂಚಲು ಕಟ್ಟಿ, ಮಾಡಿದ್ದನ್ನೆಲ್ಲ ಒಂದೂ ಬಿಡದೆ ಇಡುತ್ತಿದ್ದೆ. ಕಷ್ಟಪಟ್ಟು ಮಾಡಿದ್ದು ಡಬ್ಬಿಯಲ್ಲಿ ಯಾಕಿರಬೇಕು ಅಂತ ನನ್ನ ಲೆಕ್ಕಾಚಾರ. ಹೋದ ವರ್ಷದ ಬೇಸಿಗೆ ಮೇಳದಲ್ಲಿ, ಮೇಳ ನಡೆಸುವ ಮೇಡಂ ಒಬ್ಬರು ನಮ್ಮ ಸ್ಟಾಲಿನ ಮುಂದೆ ನಿಂತು ಸುಮಾರು ಹೊತ್ತು ನೋಡಿದರು.

"ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಸಾಮಾನು ತುಂಬಾ ಚೆನ್ನಾಗಿದೆ. ಇಟ್ಟಿರೋದು ಮಾತ್ರ ಸೊಪ್ಪಿನ ಅಂಗಡಿ ಥರ ಇದೆ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಹೆಂಡತಿ ಮಾತ್ರ ಮಣಿ ಪೋಣಿಸುತ್ತಲೇ, "ಸೊಪ್ಪಿನೋರು ಚೆನ್ನಾಗೇ ಜೋಡಿಸ್ತಾರೆ ಮೇಡಂ, ನೀರೂ ಚಿಮುಕಿಸ್ತಾರೆ" ಅಂದಳು. ಮೇಡಂ ನಕ್ಕುಬಿಟ್ಟರು. ಆಮೇಲೆ ಕೂತು ಹೇಳಿಕೊಟ್ಟರು. ಎಲ್ಲ ಮಟ್ಟಸವಾಗಿ ಮಲಗಿಸಬಾರದು, ಮೆಟ್ಟಿಲು ಮೆಟ್ಟಿಲಾಗಿ ಇಡಬೇಕು, ನೋಡುವವರ ಕಣ್ಣು ಮೇಲಕ್ಕೆ ಹತ್ತಬೇಕು. ಬಿಳಿ ಬಟ್ಟೆ ಬೇಡ. ಟ್ಯೂಬ್‌ಲೈಟ್ ಬೇಡ, ಹಳದಿ ಬಲ್ಬು ಹಾಕಬೇಕು. ಹತ್ತು ಸರ ಇದ್ದರೆ ಮೂರು ಇಟ್ಟು, ಆ ಮೂರನ್ನು ಕತ್ತಿಗೆ ಹಾಕಿ ತೋರಿಸಬೇಕು. ಎದುರಿನ ಸ್ಟಾಲಿನಲ್ಲಿ ಕಪ್ಪು ವೆಲ್ವೆಟ್ಟಿನ ಕತ್ತುಗಳು ನಾಲ್ಕು ನಿಂತಿದ್ದವು. ತಲೆ ಇಲ್ಲ, ತೋಳಿಲ್ಲ, ಕತ್ತು ಮತ್ತು ಎದೆಯ ಮೇಲುಭಾಗ ಅಷ್ಟೇ. ಅದನ್ನು ತೋರಿಸಿ, "ಮುಂದಿನ ಮೇಳಕ್ಕೂ ನಿಮಗೆ ಜಾಗ ಕೊಡ್ತೀನಿ. ಅಲ್ಲಿ ತೆಗೆಯೋ ಫೋಟೋ ನೋಡಿ ಆಮೇಲಿನ ಮಾತು" ಅಂದು ಹೋದರು.

ಪಕ್ಕದಲ್ಲಿ ಬಟ್ಟೆ ಬ್ಯಾಗು ಮಾರುವ ಹೆಂಗಸು ಎಲ್ಲ ಕೇಳಿಸಿಕೊಂಡಿದ್ದಳು. ಎಷ್ಟೋ ಮೇಳಗಳಲ್ಲಿ ನಮ್ಮ ನೆರೆಯವಳು. "ಅಣ್ಣ, ಆ ಕತ್ತು ಪೇಟೇಲಿ ಸಿಗ್ತವೆ, ನಾಲ್ಕು ತಂದ್ಬುಡಿ" ಅಂದಳು.

"ಪ್ಲಾಸ್ಟಿಕ್ ಕತ್ತಿಗೆ ನನ್ನ ಬೀಟೆ ಹಾಕ್ಲಾ? ನಾನೇ ಮಾಡ್ತೀನಿ ಬುಡಮ್ಮ" ಅಂದೆ.

ಹಳೇ ಬಾಗಿಲಿನ ಹಲಸಿನ ಮರ ನನ್ನ ಹತ್ತಿರ ಇತ್ತು. ಹಲಸು ಕೊಯ್ದಾಗ ಹಳದಿ, ವರ್ಷ ಕಳೆದಂತೆ ಕೆಂಪಗಾಗುತ್ತದೆ, ಎಣ್ಣೆ ಹಚ್ಚಿದರೆ ಮನುಷ್ಯರ ಮೈಬಣ್ಣ. ಅಳತೆಗೆ ಯಾರನ್ನು ಹುಡುಕಲಿ? ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಾಗ ದಾರ ತಂದು ಕತ್ತಿನ ಸುತ್ತ ಹಿಡಿದೆ.

"ಏನ್ರೀ ಇದು, ರವಿಕೆ ಹೊಲ್ಸಕ್ಕಾ?"

"ಅಲ್ಲಾಡ್ಬೇಡ ಕಣೇ."

"ಕಾಯಿ ಬಿಡಿಸ್ಬೇಕು, ಬೇಗ ಅಳೀರಿ. ದಪ್ಪ ಆಗಿದೆ ಅನ್ಬೇಡಿ ಮತ್ತೆ."

ದಾರಕ್ಕೆ ಗಂಟು ಹಾಕಿ ಗುರುತು ಮಾಡಿಕೊಂಡೆ. ಸುತ್ತಳತೆ, ಕಿವಿಯ ಕೆಳಗಿನಿಂದ ಭುಜಕ್ಕೆ, ಎದೆಗುಳಿಯಿಂದ ಗಲ್ಲದವರೆಗೆ. ಮಣಿ ಪೋಣಿಸಿ ಪೋಣಿಸಿ ಅವಳ ಕತ್ತು ಸ್ವಲ್ಪ ಬಲಕ್ಕೆ ವಾಲಿದೆ. ಆ ವಾಲನ್ನೂ ಇಳಿಸಿದೆ. ಎತ್ತರ ಬೇರೆ ಬೇರೆ ಇರಲಿ ಅಂತ ಮೂರು ಕತ್ತು ಮಾಡಿದೆ. ಪಕ್ಕದವು ಎರಡೂ ಸುಮ್ಮನೆ ಕತ್ತುಗಳು. ನಡುವಿನದು ಅವಳದು.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅವಳ ಎಡಗಿವಿಯ ಹಿಂದೆ, ಕತ್ತಿನ ಮೇಲ್ತುದಿಯಲ್ಲಿ ಕೂದಲು ಶುರುವಾಗುವ ಕಡೆ, ರಾಗಿ ಕಾಳಿನಷ್ಟು ಮಚ್ಚೆ ಇದೆ. ಮರದ ಕತ್ತಿಗೆ ಕೊನೆಯ ಸಲ ಎಣ್ಣೆ ಒರೆಸುವಾಗ ಆ ಜಾಗ ಖಾಲಿ ಕಂಡಿತು. ಬೀಟೆಯ ಚೂರೊಂದನ್ನು ರಾಗಿ ಕಾಳಿನಷ್ಟಕ್ಕೆ ಉಜ್ಜಿ, ಗುಳಿ ತೋಡಿ ಕೂರಿಸಿದೆ. ಅಷ್ಟು ಸಣ್ಣ ಇನ್ಲೇಯನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಉಗುರು ಎಳೆದು ನೋಡಿದೆ, ಎಲ್ಲೂ ಸಿಕ್ಕಲಿಲ್ಲ. ಅವಳಿಗೆ ಹೇಳಲಿಲ್ಲ. ಮೇಳದಲ್ಲಿ ನೋಡಿ ಖುಷಿಪಡಲಿ ಅಂತ ಬಟ್ಟೆ ಸುತ್ತಿ ಇಟ್ಟೆ.

ಮಳೆಗಾಲ ಮುಗಿದ ಮೇಲೆ ಮೇಳ ಬಂತು. ಮೊದಲ ದಿನ ಬೆಳಗ್ಗೆ ನಾನೊಬ್ಬನೇ ಹೋಗಿ ಜೋಡಿಸಿದೆ. ಹಲಗೆಯಲ್ಲಿ ಮೂರು ಮೆಟ್ಟಿಲು ಮಾಡಿಕೊಂಡಿದ್ದೆ, ಅದರ ಮೇಲೆ ಇಟ್ಟಿಗೆ ಬಣ್ಣದ ಬಟ್ಟೆ ಹಾಸಿದೆ. ಓಲೆಗಳನ್ನು ಜೋಡಿ ಜೋಡಿಯಾಗಿ ದೂರ ದೂರ ಇಟ್ಟೆ. ಹಳದಿ ಬಲ್ಬು ಹಾಕಿದೆ. ಮೇಲಿನ ಮೆಟ್ಟಿಲಲ್ಲಿ ಮೂರು ಕತ್ತು. ಈಗಿನ ಹೆಂಗಸರು ದಿನಾ ಹಾಕಿಕೊಳ್ಳಲು ಗಿಡ್ಡ ಕರಿಮಣಿ ಸರ ಕೇಳುತ್ತಾರೆ. ಬೀಟೆಯ ಪದಕ ಇಟ್ಟು ಅವಳು ಪೋಣಿಸಿದ್ದ ಕರಿಮಣಿ ಸರವನ್ನು ನಡುವಿನ ಕತ್ತಿಗೆ ಹಾಕಿದೆ. ಹಲಸಿನ ಬಣ್ಣದ ಮೇಲೆ ಆ ಕಪ್ಪು ಹೊಳೆದದ್ದು ನೋಡಬೇಕಿತ್ತು. ಮೇಡಂ ಬಂದವರು ನಾಲ್ಕು ಕಡೆಯಿಂದ ಫೋಟೋ ತೆಗೆದರು. "ಇವರೇನಾ ಸೊಪ್ಪಿನ ಅಂಗಡಿ ಯಜಮಾನ್ರು?" ಅಂದರು. ಮಧ್ಯಾಹ್ನದೊಳಗೆ ಹಿಂದೆ ಎರಡು ದಿನಕ್ಕೆ ಆಗುತ್ತಿದ್ದ ವ್ಯಾಪಾರ ಆಗಿತ್ತು.

ಒಂದೂವರೆಗೆ ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಬಂದಳು. ಸ್ಟಾಲು ನೋಡಿ ಮೊದಲು ಬಾಯಿ ಅಗಲವಾಯಿತು. ಆಮೇಲೆ ನಡುವಿನ ಕತ್ತು ನೋಡಿದಳು.

"ತಲೆ ಇಲ್ದಿರೋ ಕತ್ಗೆ ಕರಿಮಣಿ ಹಾಕ್ತಾರೇನ್ರೀ? ತಗೀರಿ ಮೊದ್ಲು."

"ಮರ ಕಣೇ ಅದು."

"ಮರ ಆದ್ರೇನು, ಕತ್ತು ತಾನೆ?"

ಆಗ ಗಂಡ ಹೆಂಡತಿ ಇಬ್ಬರು ಗಿರಾಕಿಗಳು ಬಂದರು. ನಾನು ಅವರ ಕಡೆ ತಿರುಗಿದೆ. ಆಕೆ ಓಲೆ ನೋಡುತ್ತಿದ್ದರೆ ಆತ ನಡುವಿನ ಕತ್ತನ್ನು ಎತ್ತಿಕೊಂಡು, ಕುಂಬಳಕಾಯಿ ತಿರುಗಿಸಿದ ಹಾಗೆ ತಿರುಗಿಸಿ, ಹಿಂದೆ ಬೆರಳಿಟ್ಟ.

"ಇದೇನ್ರೀ ಇಲ್ಲಿ ಕಪ್ಪಗೆ? ಮರ ಕೆಟ್ಟಿದ್ಯಾ?"

ನನ್ನ ಮರ ಕೆಟ್ಟಿದೆ ಅಂದನಲ್ಲ, ಅಷ್ಟೇ ಸಾಕಾಯಿತು. "ಕೆಟ್ಟಿಲ್ಲ ಸರ್. ಮಚ್ಚೆ ಅದು. ನಾನೇ ಕೂರಿಸಿರೋದು. ಉಗುರಲ್ಲಿ ಕೆರೆದು ನೋಡಿ, ಎಲ್ಲಾದ್ರೂ ಸಿಕ್ಕುತ್ತಾ?"

ಆತ ಕೆರೆದ. ಒಂದು ಸಲ ಅಲ್ಲ, ಎರಡು ಮೂರು ಸಲ, ಬಾಗಿ ನೋಡುತ್ತಾ ಕೆರೆದ. "ಅಬ್ಬಾ! ಪರವಾಗಿಲ್ಲ ಕಣ್ರೀ. ಅದ್ಸರಿ, ಯಾರ ಮಚ್ಚೆ ಇದು?"

ನಾನು ನಕ್ಕು, ಅವಳ ಕಡೆ ತಿರುಗಿ ನೋಡಿದೆ. ಅಷ್ಟೇ ನಾನು ಮಾಡಿದ್ದು. ಆತನೂ ನೋಡಿದ, ಆತನ ಹೆಂಡತಿಯೂ ನೋಡಿದಳು, ಪಕ್ಕದ ಬ್ಯಾಗಿನವಳೂ ನೋಡಿದಳು. ನನ್ನ ಹೆಂಡತಿಯ ಕೈ ಎಡಗಿವಿಯ ಹಿಂದೆ ಹೋಗಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ, ಬಾಗಿಲು ಹಾಕಲು ಮರೆತು ಸ್ನಾನಕ್ಕೆ ಕೂತವರ ಮುಖದ ಹಾಗಿತ್ತು. ಕ್ಯಾರಿಯರನ್ನು ಸ್ಟೂಲಿನ ಮೇಲಿಟ್ಟು, ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡು ಹೊರಟಳು. ಆ ಗಂಡ ಹೆಂಡತಿ ಎರಡು ಜೊತೆ ಓಲೆ ಕೊಂಡರು. ನಾನು ಪ್ಯಾಕ್ ಮಾಡಿ ಕೊಟ್ಟೆ.

ಉಳಿದ ದಿನಗಳು ಒಬ್ಬನೇ ಕೂತೆ. ಎರಡನೇ ದಿನವೇ ನಡುವಿನ ಕತ್ತನ್ನು ಟೇಬಲ್ ಕೆಳಗೆ ಇಟ್ಟಿದ್ದೆ. ಬ್ಯಾಗಿನವಳು ಕೇಳಿದಳು, "ಅಕ್ಕ ಬರಲ್ವಾ?"

"ಮೈ ಸರಿ ಇಲ್ಲ."

"ಮೈ ಸರಿ ಇರೋ ಹೊತ್ಗೇ ಹೊರಟು ಹೋದ್ರಲ್ಲ ಅಣ್ಣ. ನಿಮ್ಗೆ ಬುದ್ಧಿ ಎಲ್ಲ ಕೈಗೇ ಇಳ್ದುಬುಟ್ಟಿದೆ, ಮೇಲೆ ಏನೂ ಉಳ್ದಿಲ್ಲ."

ನನಗೆ ಸಿಟ್ಟು ಬಂತು. ಏನು ಅಂಥ ತಪ್ಪು ಮಾಡಿದೆ ನಾನು? ಕುಡಿದು ಬಂದೆನಾ, ಹೊಡೆದೆನಾ? ಹೆಂಡತಿಯ ಅಂದ ಮರದಲ್ಲಿ ಇಳಿಸಿದ ಗಂಡಸು ಈ ಊರಲ್ಲಿ ಎಷ್ಟು ಜನ ಇದ್ದಾರೆ? ಹೀಗೆಲ್ಲ ಮನಸ್ಸಿನಲ್ಲೇ ಹೆಂಡತಿಯ ಜೊತೆ ವಾದ ಮಾಡಿಕೊಂಡು ಮನೆಗೆ ಹೋಗುತ್ತಿದ್ದೆ. ಮನೆಯಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ. ಊಟ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಶುಕ್ರವಾರ ಬೆಟ್ಟ ಹತ್ತಿ ದೇವಿಗೆ ಕೈಮುಗಿದು ಬಂದು ನನಗೂ ಕುಂಕುಮ ಕೊಟ್ಟಳು. ಮಣಿ ಡಬ್ಬಿ ಮಾತ್ರ ಮುಟ್ಟಲಿಲ್ಲ. ಕೇಳಿದರೆ "ಕಣ್ಣು ನೋಯ್ತವೆ" ಅಂದಳು. ಪದಕಗಳು ದಾರ ಕಾಣದೆ ತಟ್ಟೆ ತುಂಬ ಬಿದ್ದಿದ್ದವು. ಕಿಟಕಿಯ ಆ ಕಡೆ ಯಾರೂ ಇಲ್ಲದೆ ನನ್ನ ಉಳಿಯ ಸದ್ದೇ ನನಗೆ ಕೇಳಿಸುತ್ತಿತ್ತು.

ಎರಡು ವಾರ ತಡೆದುಕೊಂಡೆ. ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದೆ: "ಒಂದು ಮಚ್ಚೆಗೆ ಇಷ್ಟೊಂದಾ?"

ಅವಳು ಒಲೆ ಸಣ್ಣ ಮಾಡಿದಳು. "ಆ ಮಚ್ಚೆ ನಾನೇ ನೋಡಿಲ್ಲ ಕಣ್ರೀ. ಕನ್ನಡೀಲೂ ಕಾಣಲ್ಲ. ಇದೆ ಅಂತ ಜಡೆ ಹಾಕುವಾಗ ನಮ್ಮವ್ವ ಹೇಳೋಳು. ಆಮೇಲೆ ನೀವು ಹೇಳುದ್ರಿ. ಅವ್ವ ಹೋದ್ಮೇಲೆ ನಿಮಗೊಬ್ರಿಗೇ ಗೊತ್ತಿತ್ತು. ಅದನ್ನ ತಂದು ಸಂತೇಲಿ ಇಟ್ಬುಟ್ರಿ. ಇಟ್ಟಿದ್ದಲ್ದೆ ಕೆರೆದು ನೋಡಿ ಅಂದ್ರಿ."

ಉತ್ತರ ಇಲ್ಲದಾಗ ನನಗೆ ಕೆಲಸ ಬೇಕು. "ಸರಿ, ಸುಟ್ಟಾಕ್ಬುಡ್ತೀನಿ" ಅಂದೆ.

ಅವಳು ತಿರುಗಿ ನೋಡಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಹೋದೆ. "ಅಳತೆ ನಂದು, ಮಚ್ಚೆ ನಂದು, ಕರಿಮಣಿ ಬೇರೆ ಹಾಕ್ಸಿದ್ರಿ. ಈಗ ಸುಡ್ತೀರಾ?"

ಸುಡುವ ಹಾಗಿಲ್ಲ. ಕೆರೆಗೆ ಹಾಕುವ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅದೂ ಅವಳನ್ನೇ ಮುಳುಗಿಸಿದ ಹಾಗೆ ಆಗುತ್ತಿತ್ತು. ಮಚ್ಚೆ ಮಾತ್ರ ತೆಗೆಯೋಣ ಅಂದರೆ, ಹಾಗೆ ಕೂರಿಸಿದ್ದು ಸುಮ್ಮನೆ ಬರುವುದಿಲ್ಲ, ಉಳಿ ಹಾಕಿ ಕೀಳಬೇಕು, ಗುಳಿ ಉಳಿಯುತ್ತದೆ. ಅವಳ ಕತ್ತಿನ ಹಿಂದೆ ಉಳಿ ಹಿಡಿದು ಕೂರುವುದು ನನ್ನಿಂದಲೂ ಆಗುತ್ತಿರಲಿಲ್ಲ.

"ಹಂಗಾದ್ರೆ ಏನ್ ಮಾಡ್ಲಿ ಹೇಳು."

"ತಲೆ ಮಾಡಿ" ಅಂದಳು. "ತಲೆ ಇಲ್ಲ ಅಂತ ತಾನೆ ಯಾರು ಅಂದ್ರೆ ಅವ್ರು ಎತ್ಕೊಂಡು ತಿರುಗ್ಸಿ ನೋಡ್ತಾರೆ? ಮುಖ ಇದ್ದಿದ್ರೆ ಮುಟ್ಲಾ ಅಂತ ಕೇಳೋರು."

ಸಿಟ್ಟಿಗೆ ಅಂದಳೋ, ನಿಜವಾಗಿ ಅಂದಳೋ ತಿಳಿಯಲಿಲ್ಲ. ನಾನು ನಿಜ ಅಂತಲೇ ಹಿಡಿದುಕೊಂಡೆ. ಅದೇ ಹಲಸಿನ ತುಂಡು ಇನ್ನೂ ಉಳಿದಿತ್ತು. ನವಿಲು ಕಣ್ಣುಮುಚ್ಚಿ ಮಾಡುತ್ತೇನೆ, ಆನೆ ಮಾಡುತ್ತೇನೆ. ಮುಖ ಮಾಡಿದವನಲ್ಲ, ಅದು ಬೇರೆಯವರ ಕಸುಬು. ಆದರೂ ಮರ ತಾನೆ ಅಂದುಕೊಂಡು ಪೆನ್ಸಿಲ್ ಹಿಡಿದೆ. ಮೂಗು ಎಲ್ಲಿಂದ ಏಳುತ್ತದೆ, ತುಟಿ ಎಷ್ಟು ಅಗಲ, ಹಣೆ ಎಲ್ಲಿ ಬಾಗುತ್ತದೆ, ಒಂದೂ ಕೈಗೆ ಬರಲಿಲ್ಲ. ಇಪ್ಪತ್ತಾರು ವರ್ಷದಿಂದ ಎದುರಿಗಿರುವ ಮುಖ. ಊಟಕ್ಕೆ ಕೂತಾಗ ಕದ್ದು ನೋಡುತ್ತಿದ್ದೆ.

"ಏನ್ ಅಂಗೆ ನೋಡ್ತೀರಾ? ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ."

ನೋಡಿಕೊಂಡು ಮುಂದಿನ ಕೋಣೆಗೆ ಹೋಗುವಷ್ಟರಲ್ಲಿ ಮುಖ ಹೋಗಿಬಿಡುತ್ತಿತ್ತು. ಒಂದು ತುಂಡು ಕೆತ್ತಿದೆ, ಯಾರೋ ಮುದುಕಿಯಾಯಿತು. ಇನ್ನೊಂದು ಕೆತ್ತಿದೆ, ಬೊಂಬೆ ಅಂಗಡಿಯ ಬೊಂಬೆಯಾಯಿತು. ಮಣಿ ಪೋಣಿಸುವಾಗ ಬಾಗಿದ ಅವಳ ಕತ್ತನ್ನು ಪಕ್ಕದಿಂದ ನೋಡಿದ್ದೇನೆ, ಮುಖ ಎತ್ತಿಸಿ ನೋಡಿದ್ದು ಕಡಿಮೆ ಅಂತ ಆಗ ಹೊಳೆಯಿತು. ಹೊಳೆದದ್ದು ಒಳ್ಳೆಯದಾಗಲಿಲ್ಲ. ಆ ದಿನ ಉಳಿ ಕೆಳಗಿಟ್ಟು ಅವಳ ಹತ್ತಿರ ಹೋಗಿ, "ಬರ್ತಾ ಇಲ್ಲ" ಅಂದೆ. ಮರದ ವಿಷಯದಲ್ಲಿ ಆ ಮಾತನ್ನು ನಾನು ಯಾರ ಎದುರಿಗೂ ಆಡಿದವನಲ್ಲ.

ಅವಳು ಬಟ್ಟೆ ಮಡಿಸುತ್ತಿದ್ದಳು. "ಗೊತ್ತಿತ್ತು ಬುಡಿ" ಅಂದಳು. ಮಡಿಸುತ್ತಿದ್ದ ಟವಲಿನಲ್ಲೇ ಆ ಕತ್ತನ್ನು ಸುತ್ತಿ ಬೀರುವಿನಲ್ಲಿ ತನ್ನ ಸೀರೆಗಳ ಹಿಂದೆ ಇಟ್ಟಳು.

ಕೆಲವು ದಿನಕ್ಕೆ ಮೇಡಂ ಫೋನು ಬಂತು. ಮುಂದಿನ ಮೇಳಕ್ಕೆ ನಮ್ಮನ್ನು ಆರಿಸಿದ್ದಾರೆ, ಬಾಗಿಲ ಎದುರಿನ ಮೊದಲ ಸಾಲು. "ಅಷ್ಟೇ ಅಲ್ಲ ಯಜಮಾನ್ರೇ, ಆ ಮಚ್ಚೆ ಇರೋ ಕತ್ತಿನ ಫೋಟೋನೇ ಪೋಸ್ಟರಿಗೆ ಹಾಕ್ತಿದೀವಿ. ಬಸ್ ಸ್ಟ್ಯಾಂಡಲ್ಲೆಲ್ಲ ನಿಮ್ಮ ಕೆಲಸ!"

ಇಂಥ ಮಾತು ಕೇಳಬೇಕು ಅಂತ ಮೂವತ್ತೆಂಟು ವರ್ಷ ಕೂತು ಕೆಲಸ ಮಾಡಿದವನು ನಾನು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ಆ ಫೋಟೋ ಬೇಡ ಮೇಡಂ" ಅಂದೆ.

"ಯಾಕ್ರೀ? ಅಷ್ಟು ಚೆನ್ನಾಗಿದೆ!"

"ಅದು ಮಾರೋಕೆ ಮಾಡಿದ್ದಲ್ಲ. ತೋರಿಸೋಕೂ ಮಾಡಬಾರದಿತ್ತು. ಬೇಡ."

ಅವರಿಗೆ ಬೇಜಾರಾಯಿತು. ಪೋಸ್ಟರ್ ತಯಾರಾಗಿದೆ, ಬದಲಾಯಿಸಬೇಕು ಅಂದರು. ಆ ಕತ್ತು ತರದಿದ್ದರೆ ಮೊದಲ ಸಾಲು ಬೇರೆಯವರಿಗೆ ಹೋಗುತ್ತದೆ, ಹಿಂದೆ ಎಲ್ಲಾದರೂ ನೋಡೋಣ ಅಂದರು. ಹಿಂದೆಯೇ ಇರಲಿ ಅಂದೆ. ಫೋನಿಟ್ಟು ಉಳಿ ಮಸೆಯಲು ಕೂತೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ಸಂಜೆ ಅವಳು ಕಿಟಕಿಯ ಆ ಕಡೆ ಬಂದು ಕೂತು ಮಣಿ ಡಬ್ಬಿಯ ಮುಚ್ಚಳ ತೆಗೆದಳು.

"ಉಳಿದಿರೋ ಎರಡು ಕತ್ತೂ ಬೇಡ" ಅಂದಳು, ಸೂಜಿಗೆ ದಾರ ಹಾಕುತ್ತಾ. "ಹಲಗೆ ನಿಲ್ಸಿ ಗೂಟ ಹೊಡೀರಿ, ಮನೇಲಿ ನಾವು ಗೋಡೆ ಮೊಳೆಗೆ ತಗಲಾಕಲ್ವಾ, ಅಂಗೆ. ಒಂದು ಒಳ್ಳೆ ಕನ್ನಡಿ ತನ್ನಿ. ಓಲೆ ಇರೋ ಕಡೆ ಅಲ್ಲ, ಸರ ಇರೋ ಕಡೆ ಇಡಿ."

ಹಾಗೇ ಮಾಡಿದೆ. ಮುಂದಿನ ಮೇಳದಲ್ಲಿ ನಮ್ಮ ಜಾಗ ಹಿಂದಿನ ಸಾಲಿನ ಕೊನೆ, ನೀರಿನ ಟ್ಯಾಂಕಿನ ಪಕ್ಕ. ಮೊದಲೆರಡು ದಿನ ನಾನೊಬ್ಬನೇ. ಮೂರನೇ ದಿನ ಕ್ಯಾರಿಯರ್ ಹಿಡಿದು ಬಂದವಳು ವಾಪಸ್ ಹೋಗಲಿಲ್ಲ, ಸ್ಟೂಲು ಎಳೆದುಕೊಂಡು ಕೂತಳು. ಬ್ಯಾಗಿನವಳು ದೂರದ ತನ್ನ ಸ್ಟಾಲಿನಿಂದ ಓಡಿಬಂದು, "ಬಂದ್ಯಾ ಅಕ್ಕ? ಈ ಅಣ್ಣನ ಮುಖ ನೋಡಿ ಗಿರಾಕಿಗಳು ಟ್ಯಾಂಕಲ್ಲಿ ನೀರು ಕುಡ್ದು ಅಂಗೇ ಹೋಗ್ತಿದ್ರು" ಅಂದಳು. ಇಬ್ಬರೂ ನಕ್ಕರು. ನಾನು ಓಲೆಗಳನ್ನು ನೆಟ್ಟಗೆ ಮಾಡುತ್ತಾ ನಿಂತೆ.

ಒಬ್ಬಾಕೆ ಬಂದು ಕರಿಮಣಿ ಸರ ಕೈಗೆ ತೆಗೆದುಕೊಂಡರು. "ಹಾಕ್ಕೊಂಡ್ರೆ ಹೇಗೆ ಕಾಣುತ್ತೋ" ಅಂದರು. ಮೊದಲಾದರೆ ಅವಳ ಕತ್ತು ಮುಂದೆ ಬರುತ್ತಿತ್ತು. ಈಗ ಅವಳು ಕನ್ನಡಿಯನ್ನು ಆಕೆಯ ಕಡೆ ತಿರುಗಿಸಿ, "ನೀವೇ ಹಾಕ್ಕೊಂಡು ನೋಡಿ ಕಣಮ್ಮ" ಅಂದಳು. ಆಕೆ ಹಾಕಿಕೊಂಡರು, ನೋಡಿಕೊಂಡರು, ಕೊಂಡರು. ಎಲ್ಲರಿಗೂ ಹಾಗೇ ಮಾಡಿದಳು. ಕನ್ನಡಿಯಿಂದ ವ್ಯಾಪಾರ ಕೆಟ್ಟಿಲ್ಲ.

ಮನೆಯಲ್ಲಿ ಒಂದು ದಿನ ಬೀರು ತೆಗೆದಾಗ ಟವಲು ಬೇರೆ ರೀತಿ ಸುತ್ತಿದ್ದು ಕಂಡೆ. ಯಾವಾಗಲೋ ಬಿಚ್ಚಿ ನೋಡಿದ್ದಾಳೆ. ತನ್ನ ಮಚ್ಚೆಯನ್ನು ಮೊದಲ ಸಲ ನೋಡಿದಳೋ ಏನೋ. ನಾನು ಕೇಳಿಲ್ಲ.

ಮೇಳದಲ್ಲಿ ಅವಳು ಬಂದು ಕೂತ ಆ ಮೂರನೇ ದಿನದ ಮಧ್ಯಾಹ್ನ ತಗಡಿನ ಕೆಳಗೆ ಕೂತು ಎಲ್ಲರೂ ಬೆವರುತ್ತಿದ್ದೆವು. ಅವಳ ಸೆರಗು ಕತ್ತಿನ ಸುತ್ತ ಬಿಗಿಯಾಗಿ, ಎಡಗಿವಿಯವರೆಗೂ ಬಂದಿತ್ತು. ಮನೆಯಲ್ಲಿ ಹೀಗೆ ಹೊದೆಯುವುದಿಲ್ಲ, ಮೇಳದಲ್ಲಿ ಮಾತ್ರ. ಸೆಕೆ, ತೆಗಿ ಅಂತ ಹೇಳುವ ಬಾಯಿ ನನಗೆಲ್ಲಿದೆ? ಎದ್ದು ಟೇಬಲ್ ಫ್ಯಾನನ್ನು ಅವಳ ಕಡೆ ತಿರುಗಿಸಿದೆ. ಗಾಳಿಗೆ ಗೂಟದಲ್ಲಿದ್ದ ಸರಗಳೆಲ್ಲ ಹಲಗೆಗೆ ಬಡಿದುಕೊಂಡವು.

"ಆ ಕಡೆ ತಿರುಗ್ಸಿ" ಅಂದಳು, ಒಂದು ಕೈಯಲ್ಲಿ ಸರಗಳನ್ನು ಹಿಡಿದು, ಇನ್ನೊಂದರಲ್ಲಿ ಸೆರಗು ಹಿಡಿದು. "ಜೋಡಿಸಿದ್ದೆಲ್ಲ ಕೆಡ್ತದೆ."

ತಿರುಗಿಸಿದೆ.